ಟೀ ಕೊಡಿಸದ ಮೇಷ್ಟ್ರು

ಮಧುಗಿರಿಯ ಕ್ರೀಡಾಂಗಣದ ಗೇಟಿನೆದುರು ರೇಣುಕಯ್ಯನ ಟೀ ಅಂಗಡಿ. ಬೆಳಗಿನ ನಡಿಗೆ ಮುಗಿಸಿದ ನಿವೃತ್ತರ ಗುಂಪೊಂದು ಅಲ್ಲಿನ ಬೆಂಚಿನ ಮೇಲೆ ಕೂರುವ ಮೊದಲು ಒಂದು ಶಾಸ್ತ್ರ ನಡೆಯುತ್ತಿತ್ತು. ಎಲ್ಲರೂ ನಿಂತಲ್ಲೇ ಎಡಗೈ ಮುಂದೆ ಚಾಚುವುದು. ಮಣಿಕಟ್ಟಿನ ವಾಚು ಯಾರ ಎದೆಬಡಿತವನ್ನು ಎಲ್ಲರಿಗಿಂತ ಹೆಚ್ಚು ತೋರಿಸುತ್ತದೋ ಅವರು ಅವತ್ತಿನ ಟೀ ಕೊಡಿಸುವುದು. ಎಲ್ಲವೂ ಮಕ್ಕಳೋ ಅಳಿಯಂದಿರೋ ತಂದುಕೊಟ್ಟ ವಾಚುಗಳು. ಈ ನಿಯಮ ಮಾಡಿದವರು ಮಹಾಲಿಂಗಯ್ಯ ಮೇಷ್ಟ್ರು. ನಿಯಮ ಮಾಡಿದ ಮೇಲೆ ಅವರು ಒಂದು ದಿನವೂ ಟೀ ಕೊಡಿಸಿರಲಿಲ್ಲ.

"ಇವತ್ತೂ ನಂದೇಯಾ?" ಎಂದು ಕಾಡಸಿದ್ದಪ್ಪ ತನ್ನ ವಾಚನ್ನು ಬೆರಳಿನಿಂದ ಕುಟ್ಟಿದ. ಪಾವಗಡದ ರೂಟಿನಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು. "ಇದು ನಮ್ ಹಳೇ ಬಸ್ಸಿನ ಮೀಟ್ರು ಇದ್ದಂಗೈತೆ ಕಣ್ರೀ. ಗಾಡಿ ನಿಂತ್ರೂ ಮುಳ್ಳು ಮಾತ್ರ ಓಡ್ತಾನೇ ಇರ್ತದೆ."

"ಬಾಯಿ ಮುಚ್ಕಂಡು ಹೇಳಪ್ಪ, ಎಷ್ಟು ಟೀ?" ಎಂದ ರೇಣುಕಯ್ಯ. "ಮೇಷ್ಟ್ರು ದುಡ್ಡು ಯಾವ ಬಣ್ಣ ಅಂತ ನಾನಿನ್ನೂ ಕಂಡಿಲ್ಲ."

ಮಹಾಲಿಂಗಯ್ಯ ನಗಲಿಲ್ಲ. ಮೈದಾನವನ್ನು ಎಲ್ಲರಿಗಿಂತ ಜೋರಾಗಿ ಸುತ್ತಿ ಬಂದವರು ಅವರೇ. ಅಂಗಿಯ ಬೆನ್ನು ತೊಯ್ದು ಅಂಟಿಕೊಂಡಿತ್ತು. ಆದರೂ ವಾಚು ತೊಂಬತ್ತರ ಆಸುಪಾಸಿನಲ್ಲಿತ್ತು. ಅದನ್ನು ಒಬ್ಬೊಬ್ಬರ ಮುಖದ ಹತ್ತಿರವೂ ಹಿಡಿದು ತೋರಿಸಿದರು.

"ಬಾಯಿ ಏನಾದ್ರೂ ಹೇಳ್ಬೋದು ಕಣಯ್ಯ. ಗುಂಡಿಗೆ ಸುಳ್ಳು ಹೇಳಲ್ಲ."

ತಂತಿಬೇಲಿಯ ಒಳಗೆ, ಮೈದಾನದಲ್ಲಿ ಹೆಂಗಸರ ಗುಂಪಿಗೆ ವ್ಯಾಯಾಮ ಮಾಡಿಸುತ್ತಿದ್ದ ಲೋಹಿತಾಳಿಗೆ ಆ ಮಾತು ಕೇಳಿಸಿತು. ಮೇಲೆತ್ತಿದ್ದ ಅವಳ ಕೈಗಳು ಅಲ್ಲೇ ನಿಂತವು. ಹೆಂಗಸರೂ ಕೈ ಎತ್ತಿಕೊಂಡೇ ಕಾದರು. ಕೊನೆಗೆ ಯಾರೋ, "ಮೇಡಂ, ತೋಳು ಬಿದ್ದೋಗ್ತವೆ, ಇಳಿಸ್ಲಾ?" ಎಂದಾಗ ಅವಳಿಗೆ ಎಚ್ಚರವಾಯಿತು.

ಮೇಷ್ಟ್ರನ್ನು ಅವಳು ಮೊದಲ ದಿನವೇ ಗುರುತು ಹಿಡಿದಿದ್ದಳು. ಮೈ ಇಳಿದಿತ್ತು, ಕೂದಲು ಹೋಗಿತ್ತು. ಆದರೆ ನಿಲ್ಲುವ ಠೀವಿ, ಎದೆಯ ಮೇಲೆ ಕೈ ಕಟ್ಟುವ ರೀತಿ ಹಾಗೇ ಇದ್ದವು. ಅವರು ಅವಳನ್ನು ನೋಡಿ, "ಯಾವೂರಮ್ಮ ನಿಂದು?" ಎಂದು ಕೇಳಿದ್ದರು. "ಪುರವರದ ಕಡೆ ಸಾರ್" ಎಂದಿದ್ದಳು. "ಓ, ಅಲ್ಲೇ ಸರ್ವಿಸ್ ಮಾಡಿದೀನಿ ನಾನು. ಒಳ್ಳೇ ಜನ" ಎಂದು ಹೇಳಿ ಮುಂದೆ ಹೋಗಿದ್ದರು. ಒಳ್ಳೇ ಜನ. ಆ ಎರಡು ಪದಗಳನ್ನು ಲೋಹಿತಾ ಎಷ್ಟೋ ದಿನ ನಾಲಿಗೆಯ ಮೇಲೆ ಕಲ್ಲಿನಂತೆ ಹೊರಳಿಸಿದಳು. ಅವರು ಅಂದು ಮಾಡಿದ್ದಕ್ಕಿಂತ ಅದನ್ನು ಮರೆತಿರುವುದೇ ಅವಳಿಗೆ ದೊಡ್ಡ ತಪ್ಪಾಗಿ ಕಂಡಿತು.

ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ಮಹಾಲಿಂಗಯ್ಯ ಅವಳ ಹೈಸ್ಕೂಲಿಗೆ ದೈಹಿಕ ಶಿಕ್ಷಕರಾಗಿ ಬಂದಿದ್ದರು. ಇನ್ನೂರ ಇಪ್ಪತ್ತರಲ್ಲಿ ವಯಸ್ಸನ್ನು ಕಳೆದರೆ ಗುಂಡಿಗೆಯ ಗಡಿ ಸಿಗುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದ ಮೊದಲ ಮೇಷ್ಟ್ರು. ಓಟ ಮುಗಿದ ಮೇಲೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಮಣಿಕಟ್ಟು ಹಿಡಿದು ನಾಡಿ ಎಣಿಸಿ, ಬಂದ ಸಂಖ್ಯೆಯನ್ನು ಹರಾಜಿನಲ್ಲಿ ಕೂಗುವಂತೆ ಕೂಗುತ್ತಿದ್ದರು. ಸಂಖ್ಯೆ ದೊಡ್ಡದಾದರೆ ಮೈಮುರಿದು ಓಡಿದ್ದಾಳೆ, ಚಿಕ್ಕದಾದರೆ ಕಳ್ಳಾಟ ಆಡಿದ್ದಾಳೆ.

ಜಿಲ್ಲಾ ಮಟ್ಟಕ್ಕೆ ಆಯ್ಕೆಯ ದಿನ. ಕೆರೆ ಏರಿಯ ಆಚೆ ತುದಿಯ ತೂಬಿನವರೆಗೆ ಓಡಿ, ಅದನ್ನು ಮುಟ್ಟಿ ಹಿಂದಿರುಗಬೇಕು. ಏರಿ ಬಾಗಿದ್ದರಿಂದ ಈ ತುದಿಯಲ್ಲಿ ನಿಂತವರಿಗೆ ತೂಬು ಕಾಣುತ್ತಿರಲಿಲ್ಲ. ನಡುವೆ ಆಳುದ್ದ ಬೆಳೆದ ಜೋಳದ ಹೊಲ. ಲೋಹಿತಾ ಎಲ್ಲರಿಗಿಂತ ಎಷ್ಟು ಮುಂಚೆ ಬಂದಳೆಂದರೆ, ಕೊನೆಯ ಹುಡುಗಿ ಬರುವಷ್ಟರಲ್ಲಿ ಅವಳ ಉಸಿರು ತಿಳಿಯಾಗಿ ಬೆವರು ಆರತೊಡಗಿತ್ತು. ಮಹಾಲಿಂಗಯ್ಯ ಕೊನೆಗೆ ಬಂದವಳಿಂದ ಎಣಿಸಲು ಶುರುಮಾಡಿದರು. ಅವಳ ಸರದಿ ಬಂದಾಗ ಎರಡು ಸಲ ಎಣಿಸಿ, ತಲೆಯೆತ್ತಿ ಜೋಳದ ಹೊಲದ ಕಡೆ ನೋಡಿದರು.

"ತೂಬು ಮುಟ್ಟಿ ಬಂದೋಳ ನಾಡಿ ಅಲ್ಲ ಇದು. ಹೊಲದೊಳಗೆ ನುಗ್ಗಿ ಈ ಕಡೆ ಎದ್ದಿದೀಯ."

"ಇಲ್ಲ ಸಾರ್. ದೇವ್ರಾಣೆ."

"ನಿನ್ ಬಾಯಿ ಏನಾದ್ರೂ ಹೇಳ್ಬೋದು. ಗುಂಡಿಗೆ ಸುಳ್ಳು ಹೇಳಲ್ಲ."

"ಇನ್ನೊಂದ್ಸಲ ಓಡ್ತೀನಿ ಸಾರ್. ನೋಡಿ ಬೇಕಾದ್ರೆ."

ಓಡಿದಳು. ಕಳ್ಳಿಯಲ್ಲ ಎಂದು ತೋರಿಸಲು ತೂಬಿನ ಪಾಚಿಯನ್ನು ಉಗುರಿನಲ್ಲಿ ಕೆರೆದು ತಂದಳು. ಅಷ್ಟರಲ್ಲಿ ಮೇಷ್ಟ್ರು ಬೇರೆ ಯಾರ ಜೊತೆಗೋ ಮಾತಿಗೆ ನಿಂತಿದ್ದರು. ಮಾತು ಮುಗಿಸಿ ಬಂದು ಅವಳ ಕೈ ಹಿಡಿಯುವಷ್ಟರಲ್ಲಿ ಅವಳ ಗುಂಡಿಗೆ ಮತ್ತೆ ತಣ್ಣಗಾಗಿತ್ತು. ಉಗುರನ್ನು ಅವರು ನೋಡಲೇ ಇಲ್ಲ. ಸಂಖ್ಯೆಯನ್ನು ಕೂಗಿದರು. ಸಾಲಿಗೆ ಸಾಲೇ ನಕ್ಕಿತು.

ಸಂಜೆಯ ಹೊತ್ತಿಗೆ ಊರಿನಲ್ಲಿ ಪ್ರಶ್ನೆ ಬೇರೆಯೇ ಆಗಿತ್ತು. ಓಡೋಕೆ ಹೋದ ಹುಡುಗಿಗೆ ಜೋಳದ ಹೊಲದಲ್ಲಿ ಏನು ಕೆಲಸ? ಒಳಗೆ ಇನ್ಯಾರಿದ್ದರು? ಅವಳ ಅಪ್ಪ ಸಿದ್ದಗಂಗಯ್ಯ ಹೊಡೆಯಲಿಲ್ಲ, ಬೈಯಲಿಲ್ಲ. ಬೆಳಗ್ಗೆ ನೋಡಿದರೆ ಅವಳ ಕ್ಯಾನ್ವಾಸ್ ಬೂಟುಗಳು ದನದ ಕೊಟ್ಟಿಗೆಯ ಜಂತೆಗೆ ಲೇಸಿನಿಂದ ಕಟ್ಟಿ ತೂಗುಬಿದ್ದಿದ್ದವು. ಅವು ಅಲ್ಲೇ ಇಲಿಯ ಪಾಲಾದವು. ಅಪ್ಪ ಹೋದ ವರ್ಷ ತೀರಿಕೊಂಡ. ಹೊಲದೊಳಗೆ ಹೋಗಿದ್ದೆಯಾ ಇಲ್ಲವಾ ಎಂದು ಒಂದು ಸಲ ಕೇಳಿದ್ದರೆ ಸಾಕಿತ್ತು. ಕೇಳದೆಯೇ ಹೋದ.

ಪದವಿ ಮುಗಿಸಿ ತುಮಕೂರಿನಲ್ಲಿ ಫಿಟ್‌ನೆಸ್ ತರಬೇತಿಗೆ ಸೇರಿದ ಮೇಲೆ ಅವಳು ಅದನ್ನು ಪುಸ್ತಕದಲ್ಲಿ ಓದಿದಳು. ಪಳಗಿದ ಗುಂಡಿಗೆ ಓಟ ನಿಂತೊಡನೆ ಬೇಗ ಇಳಿಯುತ್ತದೆ. ಎಷ್ಟು ಬೇಗ ಇಳಿಯುತ್ತದೋ ಅಷ್ಟು ಗಟ್ಟಿ. ಪುಸ್ತಕ ಮುಚ್ಚಿ, ಹೊರಗೆ ಹೋಗಿ ನೀರು ಕುಡಿದು ಬಂದಳು. ಅದೇ ಪಾಠವನ್ನು ಮೇಷ್ಟ್ರೂ ಓದಿರಬೇಕು ಎಂದು ಹೊಳೆದದ್ದು ಆಮೇಲೆ.

ಒಂದು ಬೆಳಗ್ಗೆ ಮಹಾಲಿಂಗಯ್ಯ ತಾವಾಗಿಯೇ ಬೇಲಿಯ ಹತ್ತಿರ ಬಂದರು.

"ನೀನು ಫಿಟ್‌ನೆಸ್ ಓದ್ಕೊಂಡೋಳಲ್ವೇನಮ್ಮ? ನನ್ ಲೆಕ್ಕ ಸರಿ ಐತಾ ನೋಡು. ಹೋದ ವರ್ಷ ಸ್ಟೆಂಟ್ ಹಾಕಿದಾರೆ. ಇನ್ನೂರ ಇಪ್ಪತ್ತರಲ್ಲಿ ವಯಸ್ಸು ಕಳ್ದು, ಅದ್ರ ಎಪ್ಪತ್ತು ಪರ್ಸೆಂಟು ಲೆಕ್ಕ ಹಾಕಿದ್ರೆ ನೂರಾ ಹತ್ತರ ಹತ್ರ ಬರ್ತದೆ. ಅಲ್ಲಿಗಂಟ ಹೋಗ್ಬೋದು. ನಾನು ಎಷ್ಟು ಜೋರಾಗಿ ನಡೆದ್ರೂ ನೂರು ದಾಟ್ತಿಲ್ಲ."

"ಡಾಕ್ಟ್ರು ಏನಂದ್ರು ಸಾರ್?"

"ಅವ್ರೇನೋ, ಮಾತಾಡ್ಕೊಂಡು ನಡೀರಿ, ಏದುಸಿರು ಬರ್ಬಾರ್ದು ಅಂದ್ರು. ಅದೆಲ್ಲ ಹೆಂಗಸ್ರಿಗೆ. ನಾನು ಸೈನ್ಸ್ ಪ್ರಕಾರ ಹೋಗೋನು."

"ಮಾತ್ರೆ ಏನಾದ್ರೂ ತಗೋತೀರಾ?"

ಅವರು ಹೇಳಿದ ಹೆಸರುಗಳಲ್ಲಿ ಒಂದು ಮೆಟೊಪ್ರೊಲಾಲ್. ಲೋಹಿತಾಳಿಗೆ ಒಳಗೆ ಏನೋ ನಿಧಾನವಾಗಿ ಕದ ತೆರೆದಂತಾಯಿತು. ಆ ಮಾತ್ರೆ ಗುಂಡಿಗೆಯ ಓಟಕ್ಕೆ ಲಗಾಮು ಹಾಕುತ್ತದೆ. ಅದನ್ನು ನುಂಗುವವರಿಗೆ ಇನ್ನೂರ ಇಪ್ಪತ್ತರ ಲೆಕ್ಕ ನಡೆಯುವುದಿಲ್ಲ. ದೇಹ ದಣಿದು ಸೋಲುತ್ತಿದ್ದರೂ ಸಂಖ್ಯೆ ಮೇಲೇರುವುದಿಲ್ಲ. ಅಂಥವರು ವಾಚನ್ನು ಬಿಟ್ಟು ಉಸಿರನ್ನೇ ನಂಬಬೇಕು. ಡಾಕ್ಟರು ಹೇಳಿದ್ದೂ ಅದನ್ನೇ. ಮೇಷ್ಟ್ರು ಮತ್ತೆ ಒಂದು ಸಣ್ಣ ಸಂಖ್ಯೆಯ ಎದುರು ನಿಂತಿದ್ದರು. ಅಂದು ಅದು ಬೇರೆಯವಳದ್ದಾಗಿತ್ತು, ಕಳ್ಳತನವಾಗಿ ಕಂಡಿತು. ಇಂದು ತಮ್ಮದು, ಶೌರ್ಯವಾಗಿ ಕಾಣುತ್ತಿದೆ.

ಹೇಳಲು ಒಂದೇ ವಾಕ್ಯ ಸಾಕಿತ್ತು. ಬೇಲಿಯ ತಂತಿ ಹಿಡಿದುಕೊಂಡು ಅವಳು ಆ ವಾಕ್ಯವನ್ನು ನುಂಗಿದಳು.

"ಲೆಕ್ಕ ಚೆನ್ನಾಗಿದೆ ಸಾರ್."

ಆ ದಿನ ಅವಳಿಗೆ ಊಟ ರುಚಿಯಾಗಿತ್ತು. ಊರಿಗೆ ಫೋನು ಮಾಡಿ ಅಮ್ಮ ಮುನಿಯಮ್ಮನಿಗೆ ಮೇಷ್ಟ್ರು ಸಿಕ್ಕ ಸುದ್ದಿ ಹೇಳಿದಳು.

"ಇನ್ನೂ ಬದುಕವ್ನಾ ಅವ್ನು?" ಎಂದಳು ಅಮ್ಮ. "ನಿಮ್ಮಪ್ಪ ಹೋಗ್ಬುಟ್ಟ, ಇವ್ನು ಹೆಂಗೆ ಉಳ್ಕಂಡ? ಏನಾರಾ ಅಂದ್ಯಾ ಅವ್ನಿಗೆ?"

"ಏನೂ ಅಂದಿಲ್ಲಮ್ಮ."

"ಅನ್ಬೇಕಿತ್ತು ಕಣೇ."

"ಏನೂ ಅನ್ನದೇ ಇರೋದೇ ಜಾಸ್ತಿ" ಎಂದಳು ಲೋಹಿತಾ. ಅಮ್ಮನಿಗೆ ಅರ್ಥವಾಗಲಿಲ್ಲ.

ಅಲ್ಲಿಂದ ಮುಂದೆ ಅವಳು ಪ್ರತಿ ಬೆಳಗ್ಗೆ ಅವರನ್ನು ಗಮನಿಸಿದಳು. ಮೇಷ್ಟ್ರ ವೇಗ ದಿನದಿನಕ್ಕೂ ಏರುತ್ತಿತ್ತು. ಮೈದಾನದ ಮೂಲೆಯಲ್ಲಿ ಬಿಚ್ಚದ ಲೇಸನ್ನು ಕಟ್ಟಿಕೊಳ್ಳಲು ಅವರು ಪದೇಪದೇ ಕೂರುತ್ತಿದ್ದುದನ್ನು ಕಂಡಳು. ಒಂದೊಂದು ಸಲ, ಗುಂಡಿಗೆಯ ನೋವು ದವಡೆಗೆ ಏರಿದವರಂತೆ, ದವಡೆ ಉಜ್ಜಿಕೊಳ್ಳುವುದನ್ನೂ ಕಂಡಳು. ಎದ್ದು ಬಂದು ಟೀ ಅಂಗಡಿಯ ಮುಂದೆ ಕೈ ಚಾಚಿ ಗೆಲ್ಲುತ್ತಿದ್ದರು. ಬೀಳಲಿ ಎಂದು ಅವಳು ಎಂದೂ ಮನಸ್ಸಿನಲ್ಲಿ ಅಂದುಕೊಳ್ಳಲಿಲ್ಲ. ಬೀಳುವಾಗ ತಾನು ಅಲ್ಲಿರಬೇಕು ಎಂದಷ್ಟೇ ಅಂದುಕೊಂಡಳು. ಬಿದ್ದವರ ಕೈಯಲ್ಲಿ ಆ ಸಣ್ಣ ಸಂಖ್ಯೆ ಹಾಗೇ ಹೊಳೆಯುತ್ತಿರಬೇಕು, ಅದನ್ನು ಎಲ್ಲರೂ ನೋಡಬೇಕು.

ಸೋತು ಸೋತು ಸಾಕಾಗಿದ್ದ ಕಾಡಸಿದ್ದಪ್ಪನೇ ದಾರಿ ಮಾಡಿಕೊಟ್ಟ.

"ಮೇಷ್ಟ್ರೇ, ಈ ಸಪಾಟು ನೆಲದಾಗೆ ಎಂಥ ಪಂದ್ಯ? ಭಾನುವಾರ ಬೆಟ್ಟ ಹತ್ತನ. ಮೊದಲ್ನೇ ಕಂಬಿ ಸಿಗೋ ತಾವ ನಿಂತು ಕೈ ತೋರ್ಸನ. ಆಗ್ಲೂ ನಿಮ್ದೇ ಕಮ್ಮಿ ಬಂದ್ರೆ, ಯುಗಾದಿಗಂಟ ಟೀ ನಂದು."

"ಯುಗಾದಿ ಯಾಕಯ್ಯ, ನೀನು ಸಾಯೋಗಂಟ ಕೊಡಿಸ್ತೀಯ" ಎಂದರು ಮಹಾಲಿಂಗಯ್ಯ. ಬೇಲಿಯ ಕಡೆ ತಿರುಗಿ, "ಅಮ್ಮ, ನೀನೂ ಬಾ. ಅಂಪೈರ್ ಬೇಕು. ಈ ಡ್ರೈವರ್‌ನ ನಂಬೋಕಾಗಲ್ಲ."

"ಬರ್ತೀನಿ ಸಾರ್" ಎಂದಳು ಲೋಹಿತಾ.

ಭಾನುವಾರ ಬಿಸಿಲು ಏರುವ ಮೊದಲೇ ಹೊರಟರು. ಮಧುಗಿರಿಯ ಬೆಟ್ಟ ಒಂದೇ ಕಲ್ಲು. ಮೊದಲು ಮೆಟ್ಟಿಲು, ಆಮೇಲೆ ಬೋಳು ಬಂಡೆ, ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ಕಾಡಸಿದ್ದಪ್ಪ ಕೋಟೆಯ ಬಾಗಿಲು ದಾಟುವಷ್ಟರಲ್ಲೇ ಸೊಂಟ ಹಿಡಿದು, "ಇಲ್ಲಿ ಸಿರಾ ಗೇಟ್ ಇದ್ದಂಗೆ ಒಂದು ಸ್ಟಾಪ್ ಮಡಗಬೇಕಿತ್ತು" ಎಂದು ಗೊಣಗಿದ. ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಬಂದಿದ್ದ ರೇಣುಕಯ್ಯ ಅವನನ್ನು ಹಿಂದಿನಿಂದ ತಳ್ಳುತ್ತ ನಗುತ್ತಿದ್ದ. ಮಹಾಲಿಂಗಯ್ಯ ಎಲ್ಲರಿಗಿಂತ ಮುಂದೆ. ಅವರ ಹಿಂದೆ ಒಂದು ಮೆಟ್ಟಿಲು ಅಂತರದಲ್ಲಿ ಲೋಹಿತಾ.

ಅವರ ಉಸಿರು ಅವಳಿಗೆ ಕೇಳುತ್ತಿತ್ತು. ಮೊದಲು ಉದ್ದವಾಗಿತ್ತು. ಆಮೇಲೆ ತುಂಡಾಯಿತು. ಮೆಟ್ಟಿಲು ಮುಗಿಯುವ ಹೊತ್ತಿಗೆ ಅದು ಹರಿದ ಚೀಲದಿಂದ ಗಾಳಿ ಹೊರಟಂತೆ ಕೇಳುತ್ತಿತ್ತು.

"ವಾಚು ಎಷ್ಟಂತೆ ಸಾರ್?"

ಅವರು ಮಾತಾಡದೆ ಕೈ ಹಿಂದಕ್ಕೆ ಚಾಚಿ ತೋರಿಸಿದರು. ತೊಂಬತ್ತಾರು.

ಕಂಬಿಯ ಹತ್ತಿರ ಬಂದು ನಿಂತರು. ಕೆಳಗೆ ಮಧುಗಿರಿಯ ತಾರಸಿಗಳು, ಆಚೆ ಹೊಲಗಳು. ಉಳಿದಿಬ್ಬರೂ ಏರಿ ಬಂದು ಬಂಡೆಯ ಮೇಲೆ ಕುಸಿದರು. ಕಾಡಸಿದ್ದಪ್ಪ ತನ್ನ ವಾಚನ್ನು ಅಂಗಿಯ ತೋಳಿನೊಳಗೆ ಮುಚ್ಚಿಕೊಂಡು, "ನಂದು ಕೇಳ್ಬೇಡ ಕಣಮ್ಮ, ನಾನು ಸೋತೆ" ಎಂದ.

"ಸಾರ್," ಎಂದಳು ಲೋಹಿತಾ, "ನೀವು ಯಾವಾಗ್ಲೂ ಒಂದು ಮಾತು ಹೇಳ್ತೀರಲ್ಲ. ಅದನ್ನ ಒಂದ್ಸಲ ಹೇಳಿ. ನಿಲ್ಲಿಸದೆ, ಒಂದೇ ಉಸಿರಲ್ಲಿ."

ಮಹಾಲಿಂಗಯ್ಯ ನಕ್ಕರು. "ಗುಂಡಿಗೆ..." ಎಂದರು. ಉಸಿರು ಎಳೆದುಕೊಂಡರು. "ಸುಳ್ಳು..." ಮತ್ತೆ ಎಳೆದುಕೊಂಡರು. ಮೂರನೇ ಪದ ತುಟಿಯವರೆಗೆ ಬಂದು ನಿಂತಿತು.

ಅವಳು ಅವರ ಕೈ ಹಿಡಿದಳು. ಅಂದು ಅವರು ಹಿಡಿಯುತ್ತಿದ್ದ ಹಾಗೆಯೇ, ಹೆಬ್ಬೆರಳು ಕೆಳಗೆ, ಎರಡು ಬೆರಳು ಮೇಲೆ. ಚರ್ಮ ತಣ್ಣಗೆ ಅಂಟುತ್ತಿತ್ತು. ಎಣಿಸಿದಳು. ಆಮೇಲೆ ಬೆಟ್ಟಕ್ಕೆಲ್ಲ ಕೇಳುವಂತೆ ಕೂಗಿದಳು.

"ಮಹಾಲಿಂಗಯ್ಯ, ತೊಂಬತ್ತಾರು! ಬೆಟ್ಟ ಹತ್ತಿ ಬಂದವರ ನಾಡಿ ಅಲ್ಲ ಇದು. ಕಳ್ಳಾಟ. ಎಲ್ಲೋ ಒಳಗೆ ನುಗ್ಗಿ ಈ ಕಡೆ ಎದ್ದಿದೀರಿ."

ರೇಣುಕಯ್ಯ ಗಹಗಹಿಸಿ ನಕ್ಕ. ಕಾಡಸಿದ್ದಪ್ಪ ಚಪ್ಪಾಳೆ ತಟ್ಟಿದ. "ಅಂಪೈರಮ್ಮ ಹಿಡಿದ್ಬುಟ್ರು ನೋಡು! ಮೇಷ್ಟ್ರು ಹೆಲಿಕಾಪ್ಟ್ರಲ್ಲಿ ಬಂದವ್ರೆ!"

ಮಹಾಲಿಂಗಯ್ಯನ ಮುಖದಲ್ಲಿ ನಗು ಇರಲಿಲ್ಲ. ಕಳ್ಳಾಟ ಎಂಬ ಪದ ಅವರಿಗೆ ತಾಗಿತ್ತು. ಅವರು ಅವಳಿಂದ ಕೈ ಬಿಡಿಸಿಕೊಂಡು ಕಬ್ಬಿಣದ ಕಂಬಿಯನ್ನು ಹಿಡಿದರು.

"ನಾನು... ಕಳ್ಳ ಅಲ್ಲ. ಇನ್ನೂ... ಮೇಲೆ... ಹತ್ತಿ ತೋರಿಸ್ತೀನಿ. ನೋಡಿ... ಬೇಕಾದ್ರೆ."

ಲೋಹಿತಾ ಅವರ ಪಾದವನ್ನು ನೋಡಿದಳು. ಅದು ಬಂಡೆಯಲ್ಲಿ ಕಡಿದ ಗುಳಿಯನ್ನು ಹುಡುಕುತ್ತಿತ್ತು. ತುಟಿಯ ಅಂಚು ಬೂದಿಯ ಬಣ್ಣಕ್ಕೆ ತಿರುಗಿತ್ತು. ಇನ್ನೇನೂ ಮಾಡಬೇಕಾಗಿರಲಿಲ್ಲ. ನೋಡುತ್ತ ನಿಂತರೆ ಸಾಕು. ಅವರು ಹತ್ತುತ್ತಾರೆ. ಬೀಳುತ್ತಾರೆ. ಕೈಯಲ್ಲಿ ಸಂಖ್ಯೆ ಹೊಳೆಯುತ್ತಿರುತ್ತದೆ. ಅವಳ ಮೇಲೆ ಯಾರೂ ಬೆರಳು ತೋರಿಸಲಾರರು. ತೂಬಿನ ಪಾಚಿ ಉಗುರಿನ ಸಂದಿಯಲ್ಲಿ ಒಣಗಿದ್ದು ಅವಳಿಗೆ ನೆನಪಾಯಿತು. ಎರಡನೇ ಸಲ ಓಡುವವರ ಕಣ್ಣು ಹೇಗಿರುತ್ತದೆಂದು ಅವಳು ಎಂದೂ ನೋಡಿರಲಿಲ್ಲ, ಅಂದು ಓಡಿದವಳು ತಾನೇ ಆದ್ದರಿಂದ. ಈಗ ಎದುರಿಗೇ ಕಂಡಿತು. ನಂಬಿ ಎಂದು ಬೇಡುವ ಕಣ್ಣು. ಅದು ಆ ಮನುಷ್ಯನ ಮುಖದಲ್ಲಿ ಇರುವುದನ್ನು ಅವಳಿಗೆ ಸಹಿಸಲಾಗಲಿಲ್ಲ. ಅದು ಅವಳದ್ದು.

"ಇಳೀರಿ" ಎಂದಳು. ಅವರು ಕೇಳಲಿಲ್ಲ. ಭುಜ ಹಿಡಿದು ಹಿಂದಕ್ಕೆ ಎಳೆದು ಬಂಡೆಗೆ ಒರಗಿಸಿ ಕೂರಿಸಿದಳು. "ನಾಲಿಗೆ ಕೆಳಗೆ ಇಡೋ ಮಾತ್ರೆ ಎಲ್ಲಿದೆ?" ಅವರ ಕಣ್ಣು ಜೇಬಿನ ಕಡೆ ಹೊರಳಿತು. ತೆಗೆದು ನಾಲಿಗೆಯಡಿ ಇಟ್ಟಳು. "ರೇಣುಕಯ್ಯ, ನೂರಾ ಎಂಟಕ್ಕೆ ಫೋನ್ ಮಾಡಿ. ಸಿದ್ದಪ್ಪಣ್ಣ, ಅಂಗಿ ಗುಂಡಿ ಬಿಚ್ಚಿ ಗಾಳಿ ಹಾಕಿ."

"ಏನಾಯ್ತಮ್ಮ? ತಮಾಸೆ ಮಾಡ್ತಿದ್ದಲ್ಲ ಈಗ?" ಕಾಡಸಿದ್ದಪ್ಪ ಗುಂಡಿ ಬಿಚ್ಚುತ್ತಲೇ ಕೇಳಿದ. "ವಾಚು ತೊಂಬತ್ತಾರು ಅಂತೈತೆ!"

"ಅದು ಇವರು ದಿನಾ ನುಂಗೋ ಮಾತ್ರೆಯ ಸಂಖ್ಯೆ, ಇವರದ್ದಲ್ಲ. ಆ ಮಾತ್ರೆ ತಗೊಳ್ಳೋರ ಎದೆ ಒಡೆದು ಹೋಗ್ತಿದ್ರೂ ವಾಚು ಇಷ್ಟೇ ತೋರಿಸ್ತದೆ." ಅವರ ಮಣಿಕಟ್ಟಿನಿಂದ ವಾಚನ್ನು ಬಿಚ್ಚಿ ತನ್ನ ಜೇಬಿಗೆ ಹಾಕಿಕೊಂಡಳು.

ಬೆಟ್ಟ ನೋಡಲು ಬಂದಿದ್ದ ಕೆಲವು ಯುವಕರು ಕೆಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದರು. ಕುರ್ಚಿ ಬರುವವರೆಗೆ ಮಹಾಲಿಂಗಯ್ಯ ಬಂಡೆಗೆ ಒರಗಿ ಅವಳನ್ನೇ ನೋಡುತ್ತಿದ್ದರು. ಅವಳು ಕೂಗಿದ ಮಾತು ಅವರ ಒಳಗೆ ಎಲ್ಲೋ ಇಳಿಯುತ್ತಿದ್ದುದು ಮುಖದ ಮೇಲೆ ಕಾಣುತ್ತಿತ್ತು. ಒಳಗೆ ನುಗ್ಗಿ ಈ ಕಡೆ ಎದ್ದಿದೀರಿ. ಅವರ ಹುಬ್ಬು ಗಂಟಾಯಿತು. ಆಮೇಲೆ ಬಿಚ್ಚಿತು.

"ನೀನು..." ಎಂದರು. "ಆ... ಜೋಳದ ಹೊಲ..."

ಎಷ್ಟು ವರ್ಷಗಳಿಂದ ಅವಳು ಈ ವಾಕ್ಯಕ್ಕೆ ಕಾದಿದ್ದಳು. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಅವರು ಅದನ್ನು ಪೂರ್ತಿ ಹೇಳುತ್ತಾರೆ. ಹೇಳಿ ಹಗುರಾಗುತ್ತಾರೆ.

"ಮಾತಾಡಬೇಡಿ ಸಾರ್," ಎಂದಳು. "ಮಾತ್ರೆ ಕರಗಲಿ."

ವೈದ್ಯರು ಹೇಳುವ ಮಾತೂ ಅದೇ ಆಗಿರುತ್ತಿತ್ತು. ಆದ್ದರಿಂದ ಅದರಲ್ಲಿ ಇನ್ನೇನಿದೆ ಎಂದು ಯಾರಿಗೂ ತಿಳಿಯಲಿಲ್ಲ. ಮಹಾಲಿಂಗಯ್ಯನಿಗೆ ಮಾತ್ರ ತಿಳಿಯಿತು. ಅವರು ಬಾಯಿ ಮುಚ್ಚಿದರು. ಕುರ್ಚಿಯಲ್ಲಿ ಕೂರಿಸಿ ಅವರನ್ನು ಕೆಳಗಿಳಿಸುವಾಗ ಅವಳು ಪಕ್ಕದಲ್ಲೇ ಇಳಿದಳು, ಅವರ ಕಡೆ ನೋಡದೆ.

ಅವರು ಉಳಿದರು. ಮಗಳು ಭವ್ಯ ಸಿಹಿ ತೆಗೆದುಕೊಂಡು ಕ್ರೀಡಾಂಗಣಕ್ಕೆ ಬಂದಳು. "ನೀವಿಲ್ದೇ ಇದ್ದಿದ್ರೆ ಅಪ್ಪ ಇರ್ತಿರ್ಲಿಲ್ಲ. ನಿಮ್ ಹತ್ರ ಏನೋ ಹೇಳ್ಬೇಕಂತೆ, ಒಂದ್ಸಲ ಮನೆಗೆ ಬನ್ನಿ" ಎಂದು ಕೈ ಹಿಡಿದಳು. ಲೋಹಿತಾ ವಾಚನ್ನು ಹಿಂದಿರುಗಿಸಿ, ಸಿಹಿಯನ್ನು ಹೆಂಗಸರ ಗುಂಪಿಗೆ ಹಂಚಿ, "ಈಗ ಅವ್ರು ಜಾಸ್ತಿ ಮಾತಾಡ್ಬಾರ್ದು" ಎಂದಳು. ಮನೆಗೆ ಹೋಗಲಿಲ್ಲ.

ಮಳೆಗಾಲ ಕಳೆದ ಮೇಲೆ ಮಹಾಲಿಂಗಯ್ಯ ಮತ್ತೆ ಮೈದಾನಕ್ಕೆ ಬರತೊಡಗಿದರು. ಕೈಯಲ್ಲಿ ವಾಚಿರಲಿಲ್ಲ. ಮೊದಲ ದಿನ ಬೆಂಚಿನಲ್ಲಿ ಎಲ್ಲರಿಗೂ ತಾವೇ ಟೀ ಕೊಡಿಸಿದರು. ರೇಣುಕಯ್ಯ ನೋಟನ್ನು ಬೆಳಕಿಗೆ ಹಿಡಿದು, "ಅಸಲಿಯೇ ಕಣ್ರಪ್ಪ" ಎಂದ. ಯಾರೂ ಹೆಚ್ಚು ನಗಲಿಲ್ಲ.

ಆಮೇಲೆ ಅವರು ಎದ್ದು ಲೋಹಿತಾಳ ಕಡೆ ಬಂದರು. ಹೆಂಗಸರನ್ನು ಕಳಿಸಿ ಅವಳು ತನ್ನ ಸುತ್ತು ನಡೆಯಲು ಹೊರಟಿದ್ದಳು.

"ಲೋಹಿತಾ," ಎಂದರು. ಹೆಸರನ್ನು ಎಲ್ಲಿಂದಲೋ ಕೇಳಿ ತಿಳಿದುಕೊಂಡಿದ್ದರು. "ಅವತ್ತು ಏರಿ ಮೇಲೆ ನಾನು..."

"ನಡೀತಾ ಮಾತಾಡಿ ಸಾರ್. ಡಾಕ್ಟ್ರು ಹಾಗೇ ಹೇಳಿರೋದಲ್ವಾ?"

ಅವಳು ನಡೆಯತೊಡಗಿದಳು. ಅವರು ಪಕ್ಕಕ್ಕೆ ಬಂದರು. ಅವರಿಗೆ ಮಾತಾಡಲು ಆಗುವ ವೇಗ ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕಿಂತ ಒಂದು ಎಳೆಯಷ್ಟು ಜೋರಾಗಿ ನಡೆದಳು. ಅವರ ಜೀವಕ್ಕೆ ಅಪಾಯವಾಗುವಷ್ಟಲ್ಲ, ವಾಕ್ಯ ಪೂರ್ತಿಯಾಗದಿರುವಷ್ಟು ಮಾತ್ರ. ಹಿಂದಿನಿಂದ "ಅವತ್ತು..." ಎಂದು ಕೇಳಿತು. ಉಸಿರು ಕೇಳಿತು. ಮತ್ತೆ "ಅವತ್ತು..." ಎಂದು ಕೇಳಿತು. ಅವಳು ವೇಗವನ್ನು ಹೆಚ್ಚಿಸಲೂ ಇಲ್ಲ, ಇಳಿಸಲೂ ಇಲ್ಲ.

ಮಾರನೆಯ ದಿನವೂ ಅವರು ಬಂದರು.